ಭಾರತಕ್ಕೆ ನಾಲ್ಕು ಗೋಲು ಹೊಡೆದ ಜೆಬೆಕ್: ಶಿಸ್ತಿನ ಗುರುವೊಬ್ಬನ ಏಳುಬೀಳು

1952ರ ಜುಲೈ 15. ಫಿನ್ಲೆಂಡ್ ರಾಜಧಾನಿ ಹೆಲ್ಸಿಂಕಿಯಲ್ಲಿ ಒಲಿಂಪಿಕ್ ಫುಟ್‌ಬಾಲ್‌ನ ಪ್ರಾಥಮಿಕ ಸುತ್ತಿನ ಪಂದ್ಯ. ಹಿಂದಿನ ವರ್ಷವಷ್ಟೇ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿದ್ದ ಭಾರತ ತಂಡ ಶೈಲೇನ್ ಮನ್ನಾ ಅವರ ನಾಯಕತ್ವದಲ್ಲಿ ಕಣಕ್ಕಿಳಿದಿತ್ತು. ಎದುರಾಳಿ ಯುಗೊಸ್ಲಾವಿಯಾ. ಪರಿಚಯವಿಲ್ಲದ ಚಳಿಯಲ್ಲಿ ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲೇ ಆಡಿದರು. ಪಂದ್ಯ ಮುಗಿದಾಗ ಫಲಕದ ಮೇಲೆ ಇದ್ದುದು 10-1. ಭಾರತದ ಆ ಒಂದೇ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಎದುರಾಳಿಯ ಹತ್ತರಲ್ಲಿ ನಾಲ್ಕನ್ನು ಹೊಡೆದವನು ಎಡಬದಿಯಲ್ಲಿ ಬಿರುಗಾಳಿಯಂತೆ ಓಡುತ್ತಿದ್ದ 23ರ ಹರೆಯದ ತರುಣ, ಬ್ರಾಂಕೊ ಜೆಬೆಕ್.

ಭಾರತದಲ್ಲಿ ಬೂಟು ಧರಿಸಿ ಆಡುವುದು ಕಡ್ಡಾಯವಾದದ್ದು ಈ ಸೋಲಿನ ನಂತರ. ಹಾಗಾಗಿ ನಮ್ಮ ಫುಟ್‌ಬಾಲ್ ಚರಿತ್ರೆಯ ಒಂದು ತಿರುವಿನಲ್ಲಿ ಜೆಬೆಕ್ ಅವರ ಪಾಲೂ ಇದೆ. ಆದರೆ ಯುರೋಪ್ ಅವರನ್ನು ನೆನೆಯುವುದು ಈ ನಾಲ್ಕು ಗೋಲುಗಳಿಗಾಗಿ ಅಲ್ಲ. ಮುಂಪಡೆಯಿಂದ ಹಿಂದೆ ಸರಿದು ರಕ್ಷಣಾ ಆಟಗಾರರಾದವರು, ಬಳಿಕ ಪಶ್ಚಿಮ ಜರ್ಮನಿಯ ಎರಡು ದೊಡ್ಡ ತಂಡಗಳಿಗೆ ಲೀಗ್ ಪ್ರಶಸ್ತಿ ತಂದುಕೊಟ್ಟ ತರಬೇತುದಾರರು ಎಂಬುದಕ್ಕಾಗಿ. ಮತ್ತೊಂದು ಕಾರಣವೂ ಇದೆ. ಆ ಕಾರಣವನ್ನು ಜನ ದೀರ್ಘಕಾಲ ನಗುತ್ತಲೇ ಹೇಳಿಕೊಂಡರು.

ಜೆಬೆಕ್ ಹುಟ್ಟಿದ್ದು 1929ರ ಮೇ 17ರಂದು, ಇಂದಿನ ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನಲ್ಲಿ. ಆಗ ಅದು ಯುಗೊಸ್ಲಾವಿಯಾದ ಭಾಗ. 1951ರಲ್ಲಿ ಬೆಲ್‌ಗ್ರೇಡ್‌ನ ಪಾರ್ಟಿಜಾನ್ ಕ್ಲಬ್ ಸೇರಿದ ಅವರು ಅದೇ ವರ್ಷ ರಾಷ್ಟ್ರೀಯ ತಂಡಕ್ಕೂ ಆಯ್ಕೆಯಾದರು. ಬೊಬೆಕ್, ಚಾಯ್ಕೊವ್‌ಸ್ಕಿ, ವುಕಾಸ್, ಮಿತಿಚ್, ಗೋಲ್‌ಕೀಪರ್ ಬೆಯಾರಾ ಮುಂತಾದ ಘಟಾನುಘಟಿಗಳಿದ್ದ ತಂಡ ಅದು.

ಹೆಲ್ಸಿಂಕಿಯಲ್ಲಿ ಭಾರತದ ನಂತರ ಅವರಿಗೆ ಎದುರಾದದ್ದು ಸೋವಿಯತ್ ಒಕ್ಕೂಟ. ಇದು ಬರೀ ಆಟವಾಗಿರಲಿಲ್ಲ. ಟಿಟೊ ಮತ್ತು ಸ್ಟಾಲಿನ್ ನಡುವೆ 1948ರಲ್ಲಿ ಬಿರುಕು ಮೂಡಿ, ಎರಡೂ ದೇಶಗಳು ಪರಸ್ಪರ ಮುಖ ನೋಡದಂತಾಗಿದ್ದ ಕಾಲ. ಟಾಂಪೆರೆ ಪಟ್ಟಣದಲ್ಲಿ ನಡೆದ ಪಂದ್ಯದಲ್ಲಿ ಯುಗೊಸ್ಲಾವಿಯಾ ಒಂದು ಹಂತದಲ್ಲಿ 5-1ರಿಂದ ಮುಂದಿತ್ತು. ಅದರಲ್ಲಿ ಎರಡು ಗೋಲು ಜೆಬೆಕ್ ಅವರದು. ಆದರೆ ಸೋವಿಯತ್ ಆಟಗಾರರು ಛಲಬಿಡದೆ ನಾಲ್ಕು ಗೋಲು ಹೊಡೆದು 5-5 ಮಾಡಿಬಿಟ್ಟರು. ಎರಡು ದಿನಗಳ ನಂತರದ ಮರುಪಂದ್ಯದಲ್ಲಿ ಯುಗೊಸ್ಲಾವಿಯಾ 3-1ರಿಂದ ಗೆದ್ದಿತು. ಸೋತದ್ದಕ್ಕೆ ಮಾಸ್ಕೊ ತೆತ್ತ ದಂಡವನ್ನು ನೋಡಿ: ಸೈನ್ಯದ ಪ್ರಸಿದ್ಧ ಕ್ಲಬ್ಬನ್ನೇ ವಿಸರ್ಜಿಸಲಾಯಿತು. ಯುಗೊಸ್ಲಾವಿಯಾ ಫೈನಲ್‌ವರೆಗೆ ಸಾಗಿ, ಪುಷ್ಕಾಶ್ ಅವರ ಹಂಗೆರಿಗೆ 0-2ರಿಂದ ಮಣಿದು ಬೆಳ್ಳಿ ಪಡೆಯಿತು. ಏಳು ಗೋಲುಗಳೊಂದಿಗೆ ಆ ಕೂಟದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಜೆಬೆಕ್.

1953ರ ಅಕ್ಟೋಬರ್‌ನಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ಇಂಗ್ಲೆಂಡ್ ಎದುರು ಆಡಿ 4-4ರ ಸಮಬಲ ಸಾಧಿಸಿದ ಫಿಫಾ ಆಯ್ದ ತಂಡದಲ್ಲಿ ಅವರಿಗೆ ಸ್ಥಾನ ಸಿಕ್ಕಿತು. 1954ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧ 1-1ರಲ್ಲಿ ಮುಗಿದ ಪಂದ್ಯದ ಯುಗೊಸ್ಲಾವಿಯಾ ಗೋಲು ಅವರದೇ. ಅಲ್ಲಿಯವರೆಗೆ ಅವರು ಮುಂಪಡೆಯ ಆಟಗಾರ. ಅನಂತರದ ವರ್ಷಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಬಂದರು. ಮೊದಲು ಮಧ್ಯಭಾಗ, ಬಳಿಕ ರಕ್ಷಣೆಯ ನಟ್ಟನಡುವೆ. 1958ರ ಸ್ವೀಡನ್ ವಿಶ್ವಕಪ್‌ನ ಹೊತ್ತಿಗೆ ಅವರು ತಂಡದ ನಾಯಕರೂ ಹೌದು, ಗೋಡೆಯೂ ಹೌದು. ಗೋಲು ಹೊಡೆಯುವುದನ್ನೇ ಕಸುಬಾಗಿಸಿಕೊಂಡವನು ಗೋಲು ತಡೆಯುವವನಾಗಿ ಬದಲಾಗುವುದು ಫುಟ್‌ಬಾಲ್‌ನಲ್ಲಿ ಅಪರೂಪ. ಮೈದಾನದ ಎರಡೂ ತುದಿಗಳನ್ನು ಒಳಗಿನಿಂದ ಬಲ್ಲವರಾಗಿದ್ದುದೇ ಮುಂದೆ ಅವರ ತರಬೇತಿಯ ಬಂಡವಾಳವಾಯಿತೆಂದರೆ ತಪ್ಪಾಗದು.

ದೇಶದ ಪರ 65 ಪಂದ್ಯ, 17 ಗೋಲು. ಪಾರ್ಟಿಜಾನ್‌ನಲ್ಲಿ ಎಂಟು ವರ್ಷ ಆಡಿದರೂ ಕಪ್‌ಗಳು ಸಿಕ್ಕವೇ ಹೊರತು ಲೀಗ್ ಪ್ರಶಸ್ತಿ ಕೈಗೆಟುಕಲಿಲ್ಲ. ಅದು ದಕ್ಕಿದ್ದು 1959ರಲ್ಲಿ ಅದೇ ನಗರದ ಬದ್ಧ ಪ್ರತಿಸ್ಪರ್ಧಿ ರೆಡ್ ಸ್ಟಾರ್‌ಗೆ ಹೋದ ಮೇಲೆ. 1961ರಲ್ಲಿ, 32ನೇ ವಯಸ್ಸಿನಲ್ಲಿ, ಪಶ್ಚಿಮ ಜರ್ಮನಿಯ ಗಡಿಪಟ್ಟಣ ಆಖೆನ್‌ನ ಅಲೆಮಾನಿಯಾ ಕ್ಲಬ್ ಸೇರಿ, ಅಲ್ಲಿಯೇ 1965ರಲ್ಲಿ ಆಟಗಾರನ ಬದುಕಿಗೆ ಮಂಗಳ ಹಾಡಿದರು.

ತರಬೇತುದಾರರಾಗಿ ಮೊದಲ ಹೊಣೆ ಹುಟ್ಟೂರಿನ ಡೈನಮೊ ಜಾಗ್ರೆಬ್. 1967ರಲ್ಲಿ ಫೇರ್ಸ್ ಕಪ್ ಗೆದ್ದ ಆ ತಂಡವನ್ನು ಅಣಿಗೊಳಿಸಿದವರು ಅವರೇ. ಆದರೆ ಫೈನಲ್ ವೇಳೆಗೆ ಸೂತ್ರ ಇವಿಕಾ ಹೊರ್ವಾತ್ ಅವರ ಕೈಯಲ್ಲಿತ್ತು. 1968ರಲ್ಲಿ ಬಯರ್ನ್ ಮ್ಯೂನಿಕ್‌ನಿಂದ ಕರೆ ಬಂತು.

ಅಲ್ಲಿ ಅವರು ತುಂಬಬೇಕಿದ್ದ ಸ್ಥಾನ ಹಳೆಯ ಜೊತೆಗಾರ ಚಾಯ್ಕೊವ್‌ಸ್ಕಿ ಅವರದು. ಪಾರ್ಟಿಜಾನ್‌ನಲ್ಲೂ ರಾಷ್ಟ್ರೀಯ ತಂಡದಲ್ಲೂ ಇಬ್ಬರೂ ಹೆಗಲೆಣೆಯಾಗಿ ಆಡಿದವರು. ಸ್ವಭಾವದಲ್ಲಿ ಮಾತ್ರ ಉತ್ತರ ದಕ್ಷಿಣ. ಕುಳ್ಳಗೆ, ದುಂಡಗೆ, ಸದಾ ನಗುತ್ತಿದ್ದ ಚಾಯ್ಕೊವ್‌ಸ್ಕಿ ತಮ್ಮ ಹುಡುಗರನ್ನು ಮುನ್ನುಗ್ಗಲು ಬಿಡುತ್ತಿದ್ದರು. ಬಯರ್ನ್ ತಂಡವನ್ನು ಪ್ರಥಮ ದರ್ಜೆಗೆ ಏರಿಸಿ, ಎರಡು ಜರ್ಮನ್ ಕಪ್‌ಗಳನ್ನೂ ಒಂದು ಯುರೋಪಿಯನ್ ಕಪ್ ವಿನ್ನರ್ಸ್ ಕಪ್ಪನ್ನೂ ಗೆಲ್ಲಿಸಿದ್ದರು. ಆದರೆ ಅವರ ಕೊನೆಯ ಋತುವಿನಲ್ಲಿ ತಂಡ 34 ಪಂದ್ಯಗಳಲ್ಲಿ 58 ಗೋಲು ಬಿಟ್ಟುಕೊಟ್ಟಿತ್ತು. ಜೆಬೆಕ್ ಬಂದ ಋತುವಿನಲ್ಲಿ ಆ ಸಂಖ್ಯೆ 31ಕ್ಕೆ ಇಳಿಯಿತು.

ಹೇಗೆ? ಮಿತಭಾಷಿಯಾದ ಹೊಸ ಗುರು ಆಟಗಾರರನ್ನು ಮೊದಲು ಓಡಿಸಿದರು. ಮತ್ತೆ ಓಡಿಸಿದರು. ಗೋಲುಗಳ ಯಂತ್ರವೆಂದೇ ಹೆಸರಾಗಿದ್ದ ಗೆರ್ಡ್ ಮ್ಯುಲ್ಲರ್ ಅವರ ಮೈಭಾರ ಇಳಿಸಿದರು. ರಕ್ಷಣೆಯ ಹಿಂಭಾಗದಿಂದ ಆಟ ಕಟ್ಟುವ ಪಾತ್ರದಲ್ಲಿ ತರುಣ ಫ್ರಾಂಜ್ ಬೆಕೆನ್‌ಬೌರ್ ನೆಲೆಯೂರಿದರು. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು ಎಂಬುದೆಲ್ಲ ಗೆರೆ ಕೊರೆದಂತೆ ನಿಗದಿಯಾಯಿತು. ಇಡೀ ಲೀಗ್‌ನಲ್ಲಿ ಅವರು ಬಳಸಿದ್ದು ಕೇವಲ 13 ಆಟಗಾರರನ್ನು! ಇಂದು ಒಂದೇ ಪಂದ್ಯದಲ್ಲಿ ಐವರು ಬದಲಿ ಆಟಗಾರರು ಇಳಿಯುವುದನ್ನು ನೋಡುವವರಿಗೆ ಇದು ನಂಬಲಸಾಧ್ಯ. ಮೊದಲ ವಾರದಿಂದ ಕೊನೆಯ ವಾರದವರೆಗೆ ಪಟ್ಟಿಯ ತುದಿಯಲ್ಲೇ ಉಳಿದ ಬಯರ್ನ್, 1969ರಲ್ಲಿ ತನ್ನ ಮೊದಲ ಬುಂಡೆಸ್‌ಲೀಗಾ ಪ್ರಶಸ್ತಿಯನ್ನು ಎಂಟು ಅಂಕಗಳ ಅಂತರದಿಂದ ಗೆದ್ದಿತು. ಎರಡನೇ ಸ್ಥಾನಕ್ಕೆ ಬಂದದ್ದು ಯಾರೆಂದುಕೊಂಡಿರಿ? ಜೆಬೆಕ್ ಕೊನೆಗೆ ಆಡಿದ ಅದೇ ಅಲೆಮಾನಿಯಾ ಆಖೆನ್. ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಜರ್ಮನ್ ಕಪ್ ಫೈನಲ್‌ನಲ್ಲಿ ಮ್ಯುಲ್ಲರ್ ಅವರ ಎರಡು ಗೋಲುಗಳು ಶಾಲ್ಕೆಯನ್ನು ಮಣಿಸಿದವು. ಒಂದೇ ವರ್ಷ ಲೀಗ್ ಮತ್ತು ಕಪ್ ಎರಡನ್ನೂ ಗೆಲ್ಲುವ ಸಾಧನೆ ಜರ್ಮನಿಯಲ್ಲಿ 1937ರ ಬಳಿಕ ಮೊದಲ ಬಾರಿ ಆಯಿತು.

ಇಂದು ಬಯರ್ನ್ ಮೂವತ್ತಕ್ಕೂ ಹೆಚ್ಚು ಲೀಗ್ ಪ್ರಶಸ್ತಿಗಳ ಒಡೆಯ. ಬುಂಡೆಸ್‌ಲೀಗಾ ಯುಗದಲ್ಲಿ ಆ ಸಾಲಿನ ಮೊದಲ ಕಲ್ಲು ಇಟ್ಟವರ ಹೆಸರು ಎಷ್ಟು ಅಭಿಮಾನಿಗಳಿಗೆ ಗೊತ್ತೋ!

ಆದರೆ ಶಿಸ್ತಿನ ಭಾರ ಹೊತ್ತವರಿಗೆ ಬೇಗ ಸುಸ್ತಾಯಿತು. ಮುಂದಿನ ಋತುವಿನಲ್ಲಿ ಆಟಗಾರರೊಂದಿಗಿನ ಸಂಬಂಧ ಹಳಸಿ, 1970ರ ಮಾರ್ಚ್‌ನಲ್ಲಿ ಜೆಬೆಕ್ ನಿರ್ಗಮಿಸಿದರು. ಅವರ ಜಾಗಕ್ಕೆ ಬಂದ ಉಡೊ ಲಾಟೆಕ್ ಅದೇ ಅಸ್ತಿಭಾರದ ಮೇಲೆ ಮಹಲು ಕಟ್ಟಿದರು. ಸ್ಟುಟ್‌ಗಾರ್ಟ್‌ನಲ್ಲಿ ಎರಡು ವರ್ಷ, ಸ್ಪ್ಲಿಟ್ ನಗರದ ಹಾಯ್ದುಕ್‌ನಲ್ಲಿ ಕೆಲಕಾಲ ಕಳೆದ ಬಳಿಕ 1974ರಲ್ಲಿ ಅವರು ಐನ್‌ಟ್ರಾಖ್ಟ್ ಬ್ರೌನ್‌ಶ್ವೈಗ್ ತಂಡದ ಹೊಣೆ ಹೊತ್ತರು. ಆಗಷ್ಟೇ ಎರಡನೇ ದರ್ಜೆಯಿಂದ ಮೇಲೆ ಬಂದಿದ್ದ, ದೊಡ್ಡ ಹಣವಿಲ್ಲದ ತಂಡ. ಮೂರನೇ ವರ್ಷದಲ್ಲಿ ಅದು ಚಾಂಪಿಯನ್ನರಿಗಿಂತ ಒಂದೇ ಅಂಕ ಹಿಂದೆ, ಮೂರನೇ ಸ್ಥಾನದಲ್ಲಿತ್ತು. ಅಂಗಿಯ ಮೇಲೆ ಜಾಹೀರಾತು ಹೊತ್ತು ಆಡಿದ ಮೊದಲ ಬುಂಡೆಸ್‌ಲೀಗಾ ತಂಡವೂ ಇದೇ. 1973ರಿಂದ ಅದರ ಆಟಗಾರರ ಎದೆಯ ಮೇಲಿದ್ದುದು ಒಂದು ಮದ್ಯ ತಯಾರಿಕಾ ಸಂಸ್ಥೆಯ ಜಿಂಕೆ ಗುರುತು. ಅದನ್ನು ಇಲ್ಲಿ ನೆನೆಯುವುದಕ್ಕೆ ಕಾರಣ ಮುಂದಿದೆ.

1978ರಲ್ಲಿ ಹ್ಯಾಂಬರ್ಗ್ ಅವರನ್ನು ಕರೆಸಿಕೊಂಡಿತು. ಹಿಂದಿನ ವರ್ಷ ಹತ್ತನೇ ಸ್ಥಾನಕ್ಕೆ ಕುಸಿದಿದ್ದ ತಂಡ. ಇಂಗ್ಲೆಂಡ್‌ನಿಂದ ಬಂದಿದ್ದ ತಾರೆ ಕೆವಿನ್ ಕೀಗನ್, ಬಲಬದಿಯ ರಕ್ಷಕ ಕಾಲ್ಟ್ಸ್, ಎತ್ತರದ ಮುಂಪಡೆ ಆಟಗಾರ ರೂಬೆಶ್, ಮಧ್ಯದಲ್ಲಿ ಮಾಗಾಟ್. ಪ್ರತಿಭೆಗೆ ಕೊರತೆಯಿರಲಿಲ್ಲ, ಒಗ್ಗಟ್ಟಿಗೆ ಇತ್ತು. ಮತ್ತೆ ಓಟ, ಮತ್ತೆ ಕಠಿಣ ಕವಾಯತು. ಮೊದಲ ವರ್ಷದಲ್ಲೇ, 1979ರಲ್ಲಿ, ಹ್ಯಾಂಬರ್ಗ್ 19 ವರ್ಷಗಳ ಬಳಿಕ ಜರ್ಮನ್ ಚಾಂಪಿಯನ್ ಆಯಿತು. ಕಾಗದದ ಮೇಲೆ ಇದು ಜೆಬೆಕ್ ಅವರ ಬದುಕಿನ ಶಿಖರ.

ಒಳಗಿನ ಕಥೆ ಬೇರೆ ಇತ್ತು. ಅವರ ಕುಡಿತ ಕ್ಲಬ್ಬಿನ ಗೋಡೆಗಳೊಳಗೆ ಗುಟ್ಟಾಗಿರಲಿಲ್ಲ. 1980ರ ಏಪ್ರಿಲ್‌ನಲ್ಲಿ ಅದು ಬೀದಿಗೆ ಬಂತು. ಡಾರ್ಟ್‌ಮುಂಡ್‌ನ ಪಂದ್ಯಕ್ಕೆ ಕಾರು ಚಲಾಯಿಸಿಕೊಂಡು ಹೊರಟಿದ್ದ ಅವರನ್ನು ಪೊಲೀಸರು ತಡೆದರು. ರಕ್ತದಲ್ಲಿ ಮದ್ಯಸಾರದ ಪ್ರಮಾಣ ಸಾವಿರಕ್ಕೆ 3.25 ಇತ್ತೆಂದು ವರದಿಯಾಯಿತು. ಚಾಲಕರಿಗೆ ಅಲ್ಲಿನ ಕಾನೂನು ಆಗ ವಿಧಿಸಿದ್ದ ಮಿತಿ 0.8. ಅಷ್ಟಾದ ಮೇಲೂ ಅವರು ಮೈದಾನ ತಲುಪಿದರು. ಪಂದ್ಯ ನಡೆಯುತ್ತಿದ್ದಾಗ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಆ ಭಾರೀ ದೇಹವನ್ನು ಸಾವಿರಾರು ಜನ ಕಂಡರು. ಎದುರಾಳಿಯ ಒಂದು ಹೆಜ್ಜೆಯನ್ನೂ ಮುಂಚಿತವಾಗಿ ಊಹಿಸಬಲ್ಲವರೆಂದು ಹೆಸರಾದ ವ್ಯಕ್ತಿ, ಕಣ್ಣೆದುರಿನ ಆಟವನ್ನೇ ಕಾಣದೆ ಕುಳಿತಿದ್ದರು.

ಅದೇ ತಿಂಗಳ 23ರಂದು ಯುರೋಪಿಯನ್ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ. ಮ್ಯಾಡ್ರಿಡ್‌ನಲ್ಲಿ 0-2ರಿಂದ ಸೋತು ಬಂದಿದ್ದ ಹ್ಯಾಂಬರ್ಗ್ ತವರಿನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 5-1ರಿಂದ ಧೂಳೀಪಟ ಮಾಡಿತು. ಕ್ಲಬ್ಬಿನ ಇತಿಹಾಸದ ಶ್ರೇಷ್ಠ ರಾತ್ರಿಗಳಲ್ಲಿ ಅದೊಂದು. ಹೀಗಿರುವಾಗ ಗುರುವನ್ನು ಮನೆಗೆ ಕಳಿಸುವವರು ಯಾರು? ಗೆಲುವು ಎಲ್ಲವನ್ನೂ ಮುಚ್ಚಿತು. ಮೇ 28ರ ಫೈನಲ್‌ನಲ್ಲಿ ಇಂಗ್ಲೆಂಡ್‌ನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ತಂಡ 0-1ರಿಂದ ಸೋತಿತು. ಲೀಗ್‌ನಲ್ಲೂ ಎರಡನೇ ಸ್ಥಾನ.

ಆ ವರ್ಷದ ಕೊನೆಯಲ್ಲಿ ಅಮೆರಿಕದಿಂದ ಮರಳಿದ ಬೆಕೆನ್‌ಬೌರ್ ಹ್ಯಾಂಬರ್ಗ್ ಸೇರಿದರು. ಹನ್ನೊಂದು ವರ್ಷಗಳ ಹಿಂದೆ ತಮ್ಮನ್ನು ಮೊದಲ ಲೀಗ್ ಪ್ರಶಸ್ತಿಗೆ ಕೊಂಡೊಯ್ದ ಗುರುವಿನ ಬಳಿಗೇ ಬಂದಂತಾಯಿತು. ಆ ಮರುಮಿಲನ ಕೆಲವೇ ವಾರಗಳದು. 1980ರ ಡಿಸೆಂಬರ್‌ನಲ್ಲಿ ಕ್ಲಬ್ಬಿನ ತಾಳ್ಮೆ ತೀರಿ ಜೆಬೆಕ್ ವಜಾಗೊಂಡರು. ಸಹಾಯಕ ಅಲೆಕ್ಸಾಂಡರ್ ರಿಸ್ಟಿಚ್ ತಾತ್ಕಾಲಿಕವಾಗಿ ತಂಡ ನಡೆಸಿದರು. ಮುಂದಿನ ವರ್ಷ ಬಂದ ಆಸ್ಟ್ರಿಯಾದ ಎರ್ನ್‌ಸ್ಟ್ ಹಾಪೆಲ್, ಕಾಲ್ಟ್ಸ್, ಮಾಗಾಟ್, ರೂಬೆಶ್ ಅವರನ್ನೇ ನೆಚ್ಚಿಕೊಂಡು 1983ರಲ್ಲಿ ಯುರೋಪಿಯನ್ ಕಪ್ ಎತ್ತಿದರು.

ವಜಾಗೊಂಡವರಿಗೆ ಕೆಲಸ ಸಿಗದೇ ಹೋಯಿತೇ? ಇಲ್ಲ. ಇದೇ ಈ ಕಥೆಯ ಇರಿಯುವ ಭಾಗ. 1981ರಲ್ಲಿ ಡಾರ್ಟ್‌ಮುಂಡ್ ಅವರನ್ನು ಕರೆಯಿತು. ಹೌದು, ಬೆಂಚಿನ ಮೇಲಿನ ಆ ತೂಕಡಿಕೆಯನ್ನು ಕಣ್ಣಾರೆ ಕಂಡ ಊರೇ. ಅಲ್ಲೂ ಅವರು ತಂಡವನ್ನು ಆರನೇ ಸ್ಥಾನಕ್ಕೆ ಏರಿಸಿ ಯುರೋಪಿಯನ್ ಪಂದ್ಯಾವಳಿಗೆ ಅರ್ಹತೆ ಗಳಿಸಿಕೊಟ್ಟರು. ಒಂದು ವರ್ಷಕ್ಕೆ ಅದೂ ಮುಗಿಯಿತು. ನಂತರ ಫ್ರಾಂಕ್‌ಫರ್ಟ್. ಅದೂ ಒಂದು ಋತು. ಪ್ರತಿ ಕ್ಲಬ್ಬೂ ಅವರ ಜ್ಞಾನವನ್ನು ಕೊಂಡಿತು, ಕಾಯಿಲೆಯನ್ನು ಕಂಡೂ ಕಾಣದಂತಿತ್ತು, ಕಡೆಗೆ ಕಾಯಿಲೆಯ ನೆಪದಲ್ಲಿ ಕೈಬಿಟ್ಟಿತು. ಕುಡಿತದ ಚಟ ಚಿಕಿತ್ಸೆ ಬೇಡುವ ರೋಗವೆಂದು ಆ ಕಾಲದ ಕ್ರೀಡಾಲೋಕ ಒಪ್ಪಿರಲಿಲ್ಲ. ಪತ್ರಿಕೆಗಳಿಗೂ ಅದು ರಂಜನೆಯ ಸರಕಾಗಿತ್ತು ಎಂಬುದನ್ನು ನಮ್ಮ ವೃತ್ತಿಯವರು ಒಪ್ಪಿಕೊಳ್ಳಲೇಬೇಕು. ಮೈದಾನದಲ್ಲಿ ಅಪಾಯ ಬರುವ ದಿಕ್ಕನ್ನು ಮೊದಲೇ ಗ್ರಹಿಸುತ್ತಿದ್ದ ರಕ್ಷಕನಿಗೆ ತನ್ನತ್ತ ಬಂದ ಅಪಾಯವನ್ನು ತಡೆಯಲಾಗಲಿಲ್ಲ. ತಡೆಯಲು ಜೊತೆಗೆ ನಿಂತವರೂ ಕಡಿಮೆ.

1984ರಲ್ಲಿ ಜೆಬೆಕ್ ಮತ್ತೆ ಡೈನಮೊ ಜಾಗ್ರೆಬ್‌ಗೆ ಬಂದರು. ತರಬೇತಿ ಆರಂಭಿಸಿದ ಕ್ಲಬ್ಬಿನಲ್ಲೇ ಅವರ ತರಬೇತಿಯ ಬದುಕೂ ಮುಗಿಯಿತು.

1988ರ ಸೆಪ್ಟೆಂಬರ್ 26ರಂದು ಜಾಗ್ರೆಬ್‌ನಲ್ಲಿ ಅವರು ತೀರಿಕೊಂಡಾಗ ವಯಸ್ಸು 59. ಆ ವಾರ ಸೋಲ್‌ನಲ್ಲಿ ಒಲಿಂಪಿಕ್ಸ್ ನಡೆಯುತ್ತಿತ್ತು. ಹೆಲ್ಸಿಂಕಿಯಲ್ಲಿ ಅವರಿಗೆ ಬೆಳ್ಳಿ ತಂದುಕೊಟ್ಟಿದ್ದ ಯುಗೊಸ್ಲಾವಿಯಾ ಫುಟ್‌ಬಾಲ್ ತಂಡ ಗುಂಪು ಹಂತದಲ್ಲೇ ಸೋತು ಹೊರಬಿದ್ದಿತ್ತು. ಐದು ದಿನಗಳ ಬಳಿಕ ಚಿನ್ನ ಸೋವಿಯತ್ ಒಕ್ಕೂಟದ ಪಾಲಾಯಿತು. ಹೆಲ್ಸಿಂಕಿಯ ಆ 10-1ರ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದ ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.