ಧನ್ಯ ಸ್ಟೆನೊ: ಪೀಠಿಕೆಯಷ್ಟೇ ಬರೆದ ವಿಜ್ಞಾನಿ

ಪ್ರತಿ ವರ್ಷ ಡಿಸೆಂಬರ್ 5ರಂದು ಧರ್ಮಸಭೆಯು ಧನ್ಯ ನಿಕೋಲಸ್ ಸ್ಟೆನೊ ಅವರನ್ನು ಸ್ಮರಿಸುತ್ತದೆ. ಭೂವಿಜ್ಞಾನದ ಪಿತಾಮಹರಲ್ಲಿ ಒಬ್ಬರೆಂದು ವಿದ್ವಾಂಸರು ಗೌರವಿಸುವ ಈ ಧರ್ಮಾಧ್ಯಕ್ಷರ ಹೆಸರು ನಮ್ಮ ಮನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಹಿಂದಿನವರ ಅರಿವು ಮುಂದಿನವರ ಕೈಸೇರಿ ಹೇಗೆ ಬೆಳೆಯುತ್ತದೆಂಬುದನ್ನು ಅವರ ಬದುಕು ನಮಗೆ ತೋರಿಸಿಕೊಡುತ್ತದೆ.

ಸ್ಟೆನೊ 1638ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಲೂಥರನ್ ಅಕ್ಕಸಾಲಿಗನೊಬ್ಬನ ಮಗನಾಗಿ ಜನಿಸಿದರು. ವೈದ್ಯಶಾಸ್ತ್ರ ಅಭ್ಯಸಿಸುತ್ತಿದ್ದ ಯೌವನದಲ್ಲೇ, ಕಿವಿಯ ಬಳಿಯ ಗ್ರಂಥಿಯಿಂದ ಬಾಯಿಗೆ ಜೊಲ್ಲನ್ನು ತರುವ ನಾಳವನ್ನು ಕಂಡುಹಿಡಿದರು. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಹೃದಯವು ಒಂದು ಸ್ನಾಯು ಎಂಬುದನ್ನೂ ಅವರು ಪ್ರತಿಪಾದಿಸಿದರು.

1666ರಲ್ಲಿ ಇಟಲಿಯ ಲಿವೊರ್ನೊ ಬಳಿಯ ಸಮುದ್ರದಲ್ಲಿ ಬೃಹತ್ತಾದ ಶಾರ್ಕ್ ಮೀನೊಂದು ಸಿಕ್ಕಿತು. ಫ್ಲಾರೆನ್ಸಿನ ಮಹಾಪ್ರಭು ಎರಡನೆಯ ಫೆರ್ಡಿನಾಂಡೊ ಅದರ ತಲೆಯನ್ನು ತಮ್ಮ ಆಶ್ರಯದಲ್ಲಿದ್ದ ಸ್ಟೆನೊ ಅವರ ಪರೀಕ್ಷೆಗೆ ಒಪ್ಪಿಸಿದರು. ಆ ಹಲ್ಲುಗಳು ಬಂಡೆಗಳಲ್ಲಿ ದೊರೆಯುವ ನಾಲಗೆಯಾಕಾರದ ಕಲ್ಲುಗಳನ್ನು ಹೋಲುತ್ತಿದ್ದವು. ಅಂಥ ಕಲ್ಲುಗಳು ಆಕಾಶದಿಂದ ಬೀಳುತ್ತವೆಂದು ರೋಮಿನ ಪ್ಲಿನಿ ಬರೆದಿದ್ದನು. ಮಾಲ್ಟಾ ದ್ವೀಪದ ಜನರು ಅವುಗಳನ್ನು ಸಂತ ಪೌಲರ ಹಾವಿನ ಪ್ರಸಂಗದೊಂದಿಗೆ ಜೋಡಿಸಿದ್ದರು. ಅವು ಶಾರ್ಕಿನ ಹಲ್ಲುಗಳೇ ಎಂದು ಫಾಬಿಯೊ ಕೊಲೊನ್ನ 1616ರಲ್ಲೇ ವಾದಿಸಿದ್ದರೂ ವಿವಾದ ಮುಗಿದಿರಲಿಲ್ಲ. ವ್ಯಾಟಿಕನ್ನಿನ ಖನಿಜ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ಮಿಕೆಲೆ ಮೆರ್ಕಾತಿ ಶಾರ್ಕಿನ ತಲೆಯ ಚಿತ್ರವೊಂದನ್ನು ಮಾಡಿಸಿ, ತಮ್ಮ ಗ್ರಂಥ ಅಚ್ಚಾಗುವ ಮೊದಲೇ ತೀರಿಕೊಂಡಿದ್ದರು. ಸ್ಟೆನೊ 1667ರಲ್ಲಿ ಪ್ರಕಟಿಸಿದ ತಮ್ಮ ಬರಹಕ್ಕೆ ಆ ಚಿತ್ರವನ್ನೇ ಬಳಸಿಕೊಂಡರು.

ಆದರೆ ಹಿಂದಿನವರು ಕೇಳದಿದ್ದ ಒಂದು ಪ್ರಶ್ನೆಯನ್ನು ಅವರು ಕೇಳಿದರು: ಗಟ್ಟಿಯಾದ ಬಂಡೆಯೊಳಗೆ ಗಟ್ಟಿಯಾದ ಹಲ್ಲು ಸೇರಿದ್ದಾದರೂ ಹೇಗೆ? ಬಂಡೆಯು ಒಮ್ಮೆ ನೀರಿನಡಿಯ ಕೆಸರಾಗಿತ್ತು. ಕೆಸರು ಪದರ ಪದರವಾಗಿ ಸಮತಲದಲ್ಲಿ ಕೂಡುತ್ತದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಇಂದು ಶಾಲಾ ಮಕ್ಕಳಿಗೂ ಸರಳವೆನಿಸುವ ಈ ನಿಯಮಗಳನ್ನು ಅವರು 1669ರಲ್ಲಿ ಲ್ಯಾಟಿನ್ ಭಾಷೆಯ ಕಿರುಹೊತ್ತಗೆಯೊಂದರಲ್ಲಿ ನಿರೂಪಿಸಿದರು. ಅದು ಮುಂದೆ ಬರೆಯಲಿದ್ದ ಮಹಾಗ್ರಂಥಕ್ಕೆ ಪೀಠಿಕೆ ಮಾತ್ರವಾಗಿತ್ತು. ಆ ಗ್ರಂಥವನ್ನು ಅವರು ಬರೆಯಲೇ ಇಲ್ಲ.

1667ರಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದ್ದರು. 1675ರಲ್ಲಿ ಗುರುದೀಕ್ಷೆ ಪಡೆದರು. 1677ರಲ್ಲಿ ಧರ್ಮಾಧ್ಯಕ್ಷರಾಗಿ ಉತ್ತರ ಜರ್ಮನಿಯ ಹ್ಯಾನೋವರಿಗೆ ತೆರಳಿದರು. ತಮ್ಮ ಉಂಗುರವನ್ನೂ ಮಾರಿ ಬಡವರಿಗೆ ನೀಡಿದ ಅವರು, ಕಠಿಣ ತಪಸ್ಸಿನಿಂದ ಕೃಶರಾಗಿ 1686ರಲ್ಲಿ ಶ್ವೆರಿನ್ ಎಂಬಲ್ಲಿ ತಮ್ಮ 48ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಅವರ ದೇಹವನ್ನು ಫ್ಲಾರೆನ್ಸಿಗೆ ಒಯ್ದು ಸಂತ ಲೊರೆನ್ಸೊ ದೇವಾಲಯದಲ್ಲಿ ಇರಿಸಲಾಯಿತು.

ಹ್ಯಾನೋವರಿನಲ್ಲಿ ಅವರನ್ನು ಭೇಟಿಯಾದ ತತ್ತ್ವಜ್ಞಾನಿ ಲೈಬ್ನಿಟ್ಜ್, ಇಂಥ ಪ್ರತಿಭಾವಂತರು ವಿಜ್ಞಾನವನ್ನು ತೊರೆದರಲ್ಲಾ ಎಂದು ಮರುಗಿದರು. ಆ ಮರುಕವನ್ನು ನಾವು ಹಗುರವಾಗಿ ತಳ್ಳಿಹಾಕಲಾಗದು. ವಿಜ್ಞಾನಕ್ಕೆ ಅದು ನಿಜವಾಗಿ ನಷ್ಟವೇ. ಆದರೆ ಲೈಬ್ನಿಟ್ಜ್ ಮರುಗಿ ಸುಮ್ಮನಾಗಲಿಲ್ಲ; ಸ್ಟೆನೊ ತೋರಿದ ದಾರಿಯಲ್ಲಿ ಭೂಮಿಯ ಚರಿತ್ರೆಯನ್ನು ತಾವೇ ಬರೆದರು. ಆ ಗ್ರಂಥವೂ ಅವರ ಮರಣಾನಂತರ, 1749ರಲ್ಲಷ್ಟೇ ಅಚ್ಚಾಯಿತು. ಚಾರ್ಲ್ಸ್ ಲಯಲ್ 1830ರಲ್ಲಿ ತಮ್ಮ ಭೂವಿಜ್ಞಾನ ಗ್ರಂಥದ ಮೊದಲ ಸಂಪುಟದಲ್ಲಿ ಸ್ಟೆನೊ ಅವರನ್ನು ನೆನೆದರು. ಆ ಸಂಪುಟವನ್ನು ಜೊತೆಗೊಯ್ದ ತರುಣ ಡಾರ್ವಿನ್ 1832ರಲ್ಲಿ ಕೇಪ್ ವರ್ಡ್ ದ್ವೀಪಗಳ ಕಡಲಬಂಡೆಯಲ್ಲಿ ಚಿಪ್ಪುಗಳಿಂದ ಕೂಡಿದ ಬಿಳಿಯ ಪದರವನ್ನು ಕಂಡಾಗ, ಅದರ ಚರಿತ್ರೆಯನ್ನು ಓದಬಲ್ಲವರಾಗಿದ್ದರು.

ಇಲ್ಲಿ ಗಮನಿಸಬೇಕಾದುದೊಂದಿದೆ. ಭೂಮಿಗೆ ಕೆಲವೇ ಸಾವಿರ ವರ್ಷಗಳ ಪ್ರಾಯವೆಂದು ಸ್ಟೆನೊ ತಮ್ಮ ಕಾಲದ ಇತರರಂತೆಯೇ ನಂಬಿದ್ದರು. ಪದರಗಳ ಚರಿತ್ರೆಯಲ್ಲಿ ನೋಹನ ಜಲಪ್ರಳಯಕ್ಕೂ ಸ್ಥಾನ ಕೊಟ್ಟಿದ್ದರು. ಮುಂದಿನವರು ಆ ಕಾಲಗಣನೆಯನ್ನು ಕೈಬಿಟ್ಟರು, ಅವರ ನಿಯಮಗಳನ್ನು ಉಳಿಸಿಕೊಂಡರು. ಅದೇ ನಿಯಮಗಳ ನೆರವಿನಿಂದ ಭೂಮಿಯ ಪ್ರಾಚೀನತೆಯನ್ನು ಅರಿತರು. ಗುರುವಿನ ತೀರ್ಮಾನವನ್ನು ಮೀರಲು ಗುರುವಿನ ವಿಧಾನವೇ ನೆರವಾಯಿತು. ನಿಜವಾದ ಶಿಷ್ಯತ್ವವೆಂದರೆ ಇದೇ ಎಂದು ನಾವು ಭಾವಿಸುತ್ತೇವೆ. ಗುರುವಿಗೆ ಇದರಿಂದ ಅಗೌರವವೇನೂ ಇಲ್ಲ.

ಪೋಪ್ ಎರಡನೆಯ ಜಾನ್ ಪಾಲ್ 1988ರ ಅಕ್ಟೋಬರ್ 23ರಂದು ಅವರನ್ನು ಧನ್ಯರೆಂದು ಘೋಷಿಸಿದರು. ಆರಂಭಿಸಿದ ಕಾರ್ಯವನ್ನು ಪೂರೈಸಲಾಗಲಿಲ್ಲವೆಂದು ಕೊರಗುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಪೂರೈಸುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ಆರಂಭವು ಪ್ರಾಮಾಣಿಕವಾಗಿದ್ದರೆ, ನಾವು ಹೆಸರನ್ನೂ ಅರಿಯದ ಕೈಗಳು ಅದನ್ನು ಮುಂದುವರಿಸುತ್ತವೆ.