ರಕ್ತದ ವರದಿಗೆ ಅರ್ಥ ಕೊಟ್ಟ ಬ್ಲಂಬರ್ಗ್

ತುಮಕೂರು: ತುಮಕೂರು, ಗುಬ್ಬಿ, ಕುಣಿಗಲ್‌ಗಳ ಗರ್ಭಿಣಿಯರ, ರಕ್ತದಾನಿಗಳ ವರದಿಗಳಲ್ಲಿ ಕಾಣುವ ‘ಎಚ್‌ಬಿಎಸ್‌ಎಜಿ’ ಎಂಬ ಪದದ ಹಿಂದೆ ಅಮೆರಿಕದ ವೈದ್ಯವಿಜ್ಞಾನಿ ಬರೂಕ್ ಬ್ಲಂಬರ್ಗ್ ಅವರ ಸಾಧನೆಯಿದೆ.

1925ರ ಜುಲೈ 28ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಅವರು, ವೈದ್ಯ ಪದವಿಯ ಬಳಿಕ ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. ಒಂದೇ ರೋಗ ಕೆಲವರನ್ನು ಕಾಡಿ ಕೆಲವರನ್ನು ಬಿಡುವುದೇಕೆಂದು ಅರಿಯಲು ದೇಶದೇಶಗಳ ಜನರ ರಕ್ತ ಸಂಗ್ರಹಿಸಿದರು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಅಪರಿಚಿತ ಪ್ರೋಟೀನಿನ ವಿವರವನ್ನು 1965ರಲ್ಲಿ ಪ್ರಕಟಿಸಿದರು. ಅದು ಹೆಪಟೈಟಿಸ್ ಬಿ ವೈರಾಣುವಿನ ಹೊರಮೈಯದೆಂಬುದು ಅನಂತರ ಖಚಿತವಾಯಿತು. 1967ರಲ್ಲಿ ಅವರ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರು ಅಸ್ವಸ್ಥರಾಗಿ, ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿದಾಗ ಅದೇ ಪ್ರೋಟೀನ್ ಪತ್ತೆಯಾಯಿತು, ಆಕೆ ಗುಣಮುಖರಾದರು. ರಕ್ತನಿಧಿಗಳು ಈ ಪರೀಕ್ಷೆ ಅಳವಡಿಸಿಕೊಂಡ ಮೇಲೆ ರಕ್ತ ಪಡೆದವರಿಗೆ ಸೋಂಕು ತಗಲುವುದು ಬಹುವಾಗಿ ತಗ್ಗಿತು. ಇರ್ವಿಂಗ್ ಮಿಲ್‌ಮನ್ ಜತೆಗೂಡಿ 1969ರಲ್ಲಿ ಲಸಿಕೆಯ ವಿಧಾನವನ್ನೂ ರೂಪಿಸಿದ ಬ್ಲಂಬರ್ಗ್, 1976ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಅವರ ಶೋಧದಿಂದಲೇ ಇಂದಿನ ವರದಿಗೆ ಅರ್ಥ ಬಂದಿದೆ. ಎಚ್‌ಬಿಎಸ್‌ಎಜಿ ಪಾಸಿಟಿವ್ ಎಂದರೆ ಸೋಂಕು ದೇಹದಲ್ಲಿದೆ. ಆರು ತಿಂಗಳು ಮೀರಿಯೂ ಉಳಿದರೆ ಅದು ದೀರ್ಘಕಾಲೀನ. ಆ ಪರೀಕ್ಷೆ ನೆಗೆಟಿವ್ ಆಗಿ, ಆಂಟಿ-ಎಚ್‌ಬಿಎಸ್ ಮಾತ್ರ ಪಾಸಿಟಿವ್ ಆಗಿದ್ದರೆ ಲಸಿಕೆಯ ರಕ್ಷಣೆಯಿದೆ. ಜತೆಗೆ ಆಂಟಿ-ಎಚ್‌ಬಿಸಿಯೂ ಪಾಸಿಟಿವ್ ಆಗಿದ್ದರೆ ಹಿಂದೆ ತಗುಲಿದ ಸೋಂಕು ವಾಸಿಯಾಗಿದೆ. ಪಾಸಿಟಿವ್ ವರದಿ ಬಂದ ತಾಯಿಯ ಶಿಶುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿಸುವುದು ಅತ್ಯವಶ್ಯ. ಯಕೃತ್ತಿನ ಸ್ಥಿತಿ, ಚಿಕಿತ್ಸೆಯ ಅಗತ್ಯವನ್ನು ವೈದ್ಯರು ಮುಂದಿನ ಪರೀಕ್ಷೆಗಳಿಂದ ನಿರ್ಧರಿಸುತ್ತಾರೆ.

ಬ್ಲಂಬರ್ಗ್ 2011ರ ಏಪ್ರಿಲ್ 5ರಂದು ನಿಧನರಾದರು. ಅವರ ಜನ್ಮದಿನವನ್ನು ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸಲಾಗುತ್ತಿದೆ.