ಅರಸನ ಹಣ, ಹರಿಯ ಋಣ: ಭಕ್ತ ಭದ್ರಾಚಲ ರಾಮದಾಸರು

ಭಾಗ್ಯನಗರವೆಂದು ಖ್ಯಾತವಾದ ಹೈದರಾಬಾದಿನ ಪಶ್ಚಿಮ ಭಾಗದಲ್ಲಿರುವ ಗೋಲ್ಕೊಂಡ ಕೋಟೆಯನ್ನು ಸಂದರ್ಶಿಸುವವರಿಗೆ ಕತ್ತಲು ತುಂಬಿದ ಒಂದು ಕೋಣೆಯನ್ನು ತೋರಿಸುವುದುಂಟು. ಅದರ ಗೋಡೆಯ ಮೇಲೆ ದೇವತಾಮೂರ್ತಿಗಳ ಕೆತ್ತನೆಗಳಿವೆ. ಭಕ್ತ ರಾಮದಾಸರು ಸೆರೆಯಲ್ಲಿದ್ದ ಸ್ಥಳವಿದೆಂದು ಪ್ರತೀತಿ. ದಕ್ಷಿಣ ಭಾರತದ ಭಜನಮಂದಿರಗಳಲ್ಲಿ ಇಂದಿಗೂ ಕೇಳಿಬರುವ ಎಷ್ಟೋ ಕೀರ್ತನೆಗಳು ಹುಟ್ಟಿದ್ದು ಈ ಕಲ್ಲುಗೋಡೆಗಳ ನಡುವೆಯೇ ಎಂದು ಭಕ್ತರು ನಂಬಿದ್ದಾರೆ.

ರಾಮದಾಸರ ಪೂರ್ವನಾಮ ಕಂಚರ್ಲ ಗೋಪನ್ನ. ಅವರು 17ನೆಯ ಶತಮಾನದಲ್ಲಿ, ಈಗಿನ ಖಮ್ಮಂ ಜಿಲ್ಲೆಯ ನೇಲಕೊಂಡಪಲ್ಲಿಯಲ್ಲಿ, ನಿಯೋಗಿ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಬಾಲ್ಯದಿಂದಲೇ ರಾಮಭಕ್ತಿಯೂ ಗಾನಾಸಕ್ತಿಯೂ ಅವರಲ್ಲಿ ಒಟ್ಟಿಗೆ ಬೆಳೆದವು. ಆದರೆ ಭಕ್ತಿಯಿಂದ ಸಂಸಾರ ಸಾಗುವುದಿಲ್ಲ. ಅದಕ್ಕೊಂದು ಆಸರೆ ಬೇಕು. ಆ ಆಸರೆ ದೊರೆತದ್ದು ಬಂಧುಗಳಾದ ಅಕ್ಕನ್ನ, ಮಾದನ್ನರಿಂದ. ಈ ಸೋದರರು ಗೋಲ್ಕೊಂಡದ ಸುಲ್ತಾನ ಅಬುಲ್ ಹಸನ್ ಕುತುಬ್ ಶಾಹನ ಆಸ್ಥಾನದಲ್ಲಿ ಪ್ರಬಲರಾಗಿದ್ದರು. ಮಂತ್ರಾಲಯದಲ್ಲಿ ಶ್ರೀ ರಾಘವೇಂದ್ರತೀರ್ಥ ಗುರುಸಾರ್ವಭೌಮರು ಸಶರೀರರಾಗಿ ಬೃಂದಾವನ ಪ್ರವೇಶಿಸಿದ್ದು 1671ರಲ್ಲಿ. ಅದರ ಮರುವರ್ಷ, 1672ರಲ್ಲಿ, ಈ ಸುಲ್ತಾನ ಪಟ್ಟವೇರಿದ. ತಾನಾಶಾಹನೆಂದು ಜನ ಕರೆದದ್ದು ಇವನನ್ನೇ. ಸಿಂಹಾಸನಕ್ಕೆ ಬರುವ ಮುನ್ನ ಸೂಫಿ ಗುರುವೊಬ್ಬರ ಸನ್ನಿಧಿಯಲ್ಲಿ ಕಾಲ ಕಳೆದಿದ್ದ ಈತ ಸಂಗೀತಪ್ರಿಯನೂ ಹೌದು.

ಬಂಧುಗಳ ಪ್ರಭಾವದಿಂದ ಗೋಪನ್ನರಿಗೆ ಪಾಲ್ವಂಚ ಪರಗಣೆಯ ತಹಸೀಲ್ದಾರ ಪದವಿ ಲಭಿಸಿತು. ಕಂದಾಯ ವಸೂಲು ಮಾಡಿ ಬೊಕ್ಕಸಕ್ಕೆ ಒಪ್ಪಿಸುವುದು ಅವರ ಕರ್ತವ್ಯ. ಅವರ ಅಧಿಕಾರವ್ಯಾಪ್ತಿಯಲ್ಲಿಯೇ ಗೋದಾವರಿಯ ದಡದ ಭದ್ರಾದ್ರಿ ಇದ್ದಿತು. ಅಲ್ಲಿ ಪೋಕಲ ದಮ್ಮಕ್ಕ ಎಂಬ ಗಿರಿಜನ ಮಹಿಳೆ, ತನಗೆ ಗೋಚರಿಸಿದ ಶ್ರೀರಾಮನ ಮೂರ್ತಿಗೆ ಹುಲ್ಲಿನ ಚಪ್ಪರ ಕಟ್ಟಿ, ಕಾಡಿನ ಹಣ್ಣುಗಳನ್ನು ನಿವೇದಿಸಿ ಪೂಜಿಸುತ್ತಿದ್ದಳಂತೆ. ಚತುರ್ಭುಜನಾಗಿ ಶಂಖಚಕ್ರಗಳನ್ನು ಧರಿಸಿ, ಎಡತೊಡೆಯ ಮೇಲೆ ಸೀತಾದೇವಿಯನ್ನು ಕುಳ್ಳಿರಿಸಿಕೊಂಡ ಆ ಸ್ವಾಮಿಯ ದರ್ಶನವಾದ ಕ್ಷಣದಿಂದ ತಹಸೀಲ್ದಾರ ಗೋಪನ್ನರು ರಾಮದಾಸರಾದರು.

ಸಂಕಟ ಆರಂಭವಾದದ್ದು ಅಲ್ಲಿಂದಲೇ. ಮಂದಿರ ನಿರ್ಮಾಣಕ್ಕೆ ಜನರಿಂದ ಸಂಗ್ರಹಿಸಿದ ದೇಣಿಗೆ ಸಾಲಲಿಲ್ಲ. ಕೈಯಲ್ಲಿದ್ದ ಕಂದಾಯದ ಹಣವೂ ಗುಡಿಯ ಕಲ್ಲಾಯಿತು, ಪ್ರಾಕಾರವಾಯಿತು, ಸೀತಾದೇವಿಯ ಪದಕವಾಯಿತು. ಒಟ್ಟು ಆರು ಲಕ್ಷ ನಾಣ್ಯವೆಂದು ಸಂಪ್ರದಾಯ ಹೇಳುತ್ತದೆ. ಉದ್ದೇಶ ಪವಿತ್ರವಾದರೂ ಹಣ ಅವರದಾಗಿರಲಿಲ್ಲ. ಅನ್ನ ಕೊಟ್ಟ ಅರಸನಿಗೆ ಲೆಕ್ಕ ಒಪ್ಪಿಸಬೇಕಾದವರು ಅವರೇ. ಆ ಅರಸನ ಅನುಮತಿ ಇಲ್ಲದೆ ವ್ಯಯ ಮಾಡಿದವರೂ ಅವರೇ. ಈ ಇಕ್ಕಟ್ಟನ್ನು ಮರೆಮಾಚಿ ಅವರ ಚರಿತ್ರೆಯನ್ನು ಹೇಳಲಾಗದು. ಆಶ್ರಯ ನೀಡಿದ ಕೈಯೇ ಸಂಕೋಲೆ ತೊಡಿಸಿತು. ಪದವಿ ಕೊಡಿಸಿದ ಬಂಧುಗಳಿಂದಲೂ ಅವರನ್ನು ಬಿಡಿಸಲಾಗಲಿಲ್ಲ. ಹನ್ನೆರಡು ವರ್ಷ ಸೆರೆವಾಸವಾಯಿತೆಂದು ಪ್ರತೀತಿ.

ಸೆರೆಯಲ್ಲಿ ರಾಮದಾಸರು ಸುಲ್ತಾನನನ್ನು ಕುರಿತು ಹಾಡಲಿಲ್ಲ. ಅವನನ್ನು ಹೊಗಳಿ ಬಿಡುಗಡೆ ಪಡೆಯಲೂ ಇಲ್ಲ, ಶಪಿಸಲೂ ಇಲ್ಲ. ಅವರ ಮೊರೆಯೆಲ್ಲ ಶ್ರೀರಾಮನಲ್ಲಿಯೇ. ಒಂದು ಕೀರ್ತನೆಯಲ್ಲಿ ತಾವು ಮಾಡಿಸಿದ ಒಡವೆಗಳನ್ನು ಒಂದೊಂದಾಗಿ ಬೆಲೆಸಹಿತ ಎಣಿಸಿ, ಸ್ವಾಮಿಯನ್ನೇ ನಿಷ್ಠುರವಾಗಿ ಪ್ರಶ್ನಿಸುತ್ತಾರೆ. ಕೊನೆಗೆ ಪೆಟ್ಟಿನ ನೋವು ತಾಳಲಾರದೆ ಆಡಿದ ಮಾತೆಂದು ಕ್ಷಮೆ ಬೇಡುತ್ತಾರೆ. ಅರಸನಿಗೆ ಕೊಡಬೇಕಾದ ಲೆಕ್ಕವನ್ನು ಹರಿಯ ಮುಂದಿಟ್ಟ ಈ ಸಲಿಗೆ, ದಾಸಸಾಹಿತ್ಯದ ನಿಂದಾಸ್ತುತಿಗಳನ್ನು ಬಲ್ಲವರಿಗೆ ಅಪರಿಚಿತವಲ್ಲ.

ಮುಂದಿನದು ಸರ್ವವಿದಿತ. ರಾಮಲಕ್ಷ್ಮಣರೇ ರಾಮೋಜಿ, ಲಕ್ಷ್ಮೋಜಿ ಎಂಬ ಸೇವಕರ ವೇಷದಲ್ಲಿ ರಾತ್ರಿ ತಾನಾಶಾಹನ ಬಳಿಗೆ ಬಂದು, ಬಾಕಿ ಹಣವನ್ನು ಪೂರ್ಣವಾಗಿ ಸಲ್ಲಿಸಿ ರಸೀದಿ ಪಡೆದರೆಂದು ಭಕ್ತರ ನಂಬಿಕೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಭಗವಂತ ಸಾಲವನ್ನು ಅಲ್ಲಗಳೆಯಲಿಲ್ಲ, ಸೆರೆಮನೆಯ ಗೋಡೆಯನ್ನೂ ಒಡೆಯಲಿಲ್ಲ. ಹಣ ತೀರಿಸಿಯೇ ದಾಸನನ್ನು ಬಿಡಿಸಿದ. ಸುಲ್ತಾನನೂ ಸತ್ಯವನ್ನರಿತು ಪಶ್ಚಾತ್ತಾಪಪಟ್ಟು, ಶ್ರೀರಾಮನವಮಿಯ ಕಲ್ಯಾಣೋತ್ಸವಕ್ಕೆ ಮುತ್ತುಗಳನ್ನು ಸಮರ್ಪಿಸುವ ಪದ್ಧತಿಯನ್ನು ಆರಂಭಿಸಿದನೆನ್ನುತ್ತಾರೆ. ಸರಕಾರದ ವತಿಯಿಂದ ಮುತ್ತಿನ ಅಕ್ಷತೆ ಅರ್ಪಿಸುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ.

ಆಶ್ರಯದಾತರ ವೈಭವ ಬಹುಕಾಲ ನಿಲ್ಲಲಿಲ್ಲ. 1686ರಲ್ಲಿ ಅಕ್ಕನ್ನ ಮಾದನ್ನರು ಗೋಲ್ಕೊಂಡದಲ್ಲಿಯೇ ಹತರಾದರು. 1687ರಲ್ಲಿ, ಸುಮಾರು ಎಂಟು ತಿಂಗಳ ಮುತ್ತಿಗೆಯ ನಂತರ, ಕೋಟೆ ಔರಂಗಜೇಬನ ವಶವಾಯಿತು. ಅನ್ಯರನ್ನು ಸೆರೆಯಲ್ಲಿಟ್ಟಿದ್ದ ತಾನಾಶಾಹನೇ ದೌಲತಾಬಾದಿನ ಕೋಟೆಯಲ್ಲಿ ಸೆರೆಯಾಳಾಗಿ ಉಳಿದ ಆಯುಷ್ಯವನ್ನು ಕಳೆದ. ಸೆರೆಯಾಳಿನ ಹಾಡು ಮಾತ್ರ ಕೋಟೆ ದಾಟಿ ಕಾವೇರಿತೀರವನ್ನು ಮುಟ್ಟಿತು. ನಂತರದ ಶತಮಾನದಲ್ಲಿ ಜನಿಸಿದ ತ್ಯಾಗರಾಜರು ತಮ್ಮ ಕೃತಿಗಳಲ್ಲಿ ರಾಮದಾಸರನ್ನು ಭಕ್ತಿಯಿಂದ ಸ್ಮರಿಸಿದ್ದಾರೆ.

ಶ್ರೀ ಪುರಂದರದಾಸರು ತಮ್ಮದಾಗಿದ್ದ ಸಂಪತ್ತನ್ನು ತ್ಯಜಿಸಿ ದಾಸರಾದರು. ರಾಮದಾಸರು ತಮ್ಮದಲ್ಲದ ಹಣವನ್ನು ದೇವರಿಗೆ ವಿನಿಯೋಗಿಸಿ ಅದರ ಫಲವನ್ನು ದೇಹದಲ್ಲಿ ಉಂಡು ಪರಿಶುದ್ಧರಾದರು. ದೇವಕಾರ್ಯಕ್ಕಾದರೂ ಶುದ್ಧವಾದ ದ್ರವ್ಯವೇ ಬೇಕು, ಸಾರ್ವಜನಿಕ ಹಣಕ್ಕೆ ಲೆಕ್ಕ ತಪ್ಪಬಾರದು ಎಂಬುದು ಅವರ ಬಾಳಿನ ಒಂದು ಪಾಠ. ಒಡೆಯನು ಯಾರೇ ಇರಲಿ, ಕೊನೆಯ ಲೆಕ್ಕ ಸಲ್ಲುವುದು ಸರ್ವೋತ್ತಮನಾದ ಶ್ರೀಹರಿಯಲ್ಲಿ ಎಂಬುದು ಇನ್ನೊಂದು.

|| ಶ್ರೀಕೃಷ್ಣಾರ್ಪಣಮಸ್ತು ||